ಹಿನಕಲ್ ಕಲಿಸಿದ್ದು: ಮಾನವಶಾಸ್ತ್ರ ಯಾರಿಗೆ ಬೇಕು?

ಮಾನವಶಾಸ್ತ್ರ ಓದಿದವರ ಕೆಲಸವೆಲ್ಲ ಬುಡಕಟ್ಟು ಜನರ ಹಾಡಿಗಳಲ್ಲೇ ಎಂದು ಮೈಸೂರಿನ ಬಹಳ ಜನ ತಿಳಿದಿದ್ದಾರೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರವೂ ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಇದೇ ಊರಲ್ಲಿವೆ, ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳೂ ದೂರವಿಲ್ಲ. ಹಾಗೆ ತಿಳಿಯುವುದು ಸಹಜ. ಆದರೆ ಈ ಶಾಸ್ತ್ರ ಇವತ್ತು ತುರ್ತಾಗಿ ಬೇಕಾಗಿರುವುದು ಹಿನಕಲ್‌ನಂಥ ಜಾಗದಲ್ಲಿ ಎಂದು ನನಗೆ ಅನುಭವದಿಂದ ಗೊತ್ತಾಗಿದೆ. ಹುಣಸೂರು ರಸ್ತೆ ರಿಂಗ್ ರೋಡಿಗೆ ಸೇರುವಲ್ಲಿ, ಒಂದು ಕಡೆ ವಿಜಯನಗರದ ಬಡಾವಣೆ, ಇನ್ನೊಂದು ಕಡೆ ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳು. ನಡುವೆ ಹಳ್ಳಿಯೊಂದು ನಗರವಾಗುತ್ತಿದೆ. ಇಲ್ಲಿ ಕ್ಷೇತ್ರಕಾರ್ಯ ಮಾಡಿ, ಹುಡುಗರಿಂದ ಮಾಡಿಸಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಪ್ರಶ್ನಾವಳಿಗಿಂತ ಮೊದಲು ನಡಿಗೆ.

ಮೇಲ್ಸೇತುವೆಯಿಂದ ನೋಡಿದರೆ ಹಿನಕಲ್ ಅಂದರೆ ಅಂಗಡಿಸಾಲು ಮತ್ತು ಬಸ್ಸು. ಒಳಗೆ ಹೋದರೆ ನನ್ನೇಶ್ವರ ದೇವಸ್ಥಾನ, ಹಳೇ ಊರು, ಕೇರಿಗಳು. ಹಬ್ಬದ ವರಿ ಯಾರು ಎತ್ತುತ್ತಾರೆ, ಬಡಾವಣೆಗೆ ಬಂದು ನೆಲೆಸಿದವರಿಂದ ಕೇಳುತ್ತಾರೋ ಇಲ್ಲವೋ, ಬಾಡಿಗೆಗೆ ಬಂದ ಹೊರ ಜಿಲ್ಲೆಯ ಕಾರ್ಮಿಕ ಆ ಲೆಕ್ಕದಲ್ಲಿ ಇದ್ದಾನೋ? ಊರಿನ ಒಳಗಿನವರು ಯಾರು, ಹೊರಗಿನವರು ಯಾರು ಎಂಬುದು ಇಂಥ ಕಡೆ ತಿಳಿಯುತ್ತದೆ. ಗ್ರಾಮ ಪಂಚಾಯಿತಿ ಹೋಗಿ ಹೂಟಗಳ್ಳಿ ನಗರಸಭೆ ಬಂದಾಗ ಕಂದಾಯದ ಪುಸ್ತಕ ಬದಲಾಯಿತು. ವರಿಯ ಪಟ್ಟಿ ಮಾತ್ರ ಅದರ ಪಾಡಿಗೆ ಅದು ನಡೆದಿದೆ.

2. ‘ಮನೆಯಲ್ಲಿ ಎಷ್ಟು ಜನ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಪಡಿತರ ಚೀಟಿಯಲ್ಲಿ ಮೂರು ಸಂಸಾರ, ಅಡುಗೆ ಒಂದೇ ಕಡೆ. ಅಥವಾ ಚೀಟಿ ಒಂದು, ಒಲೆ ಎರಡು. ಯಾರು ಯಾರ ಒಲೆಯಲ್ಲಿ ಉಣ್ಣುತ್ತಾರೆ ಎಂದು ಕೇಳಿ ಎಂದು ನಾನು ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ. ಭೂಸ್ವಾಧೀನದ ಪರಿಹಾರ ಬಂದ ಮನೆಗಳಲ್ಲಂತೂ ಇದು ಜೀವನ್ಮರಣದ ಪ್ರಶ್ನೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆದರೂ ನಗರದ ಅಂಚಿನ ಊರುಗಳಲ್ಲಿ ಅಕ್ಕತಂಗಿಯರು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕುವುದನ್ನು ಕಾಣುತ್ತೇವೆ. ‘ಅರಿಶಿನ ಕುಂಕುಮಕ್ಕೆ’ ಎಂದು ಒಂದಿಷ್ಟು ದುಡ್ಡು ಕೊಟ್ಟು ಮುಗಿಸುತ್ತಾರೆ. ಕಾನೂನು ಗೊತ್ತಿಲ್ಲದೆ ಹೀಗೆ ಮಾಡುತ್ತಾರೆ ಎಂದುಕೊಂಡರೆ ಅರ್ಧ ಮಾತ್ರ ತಿಳಿದ ಹಾಗೆ. ಆ ಹೆಣ್ಣುಮಗಳ ಎದುರಿಗಿರುವುದು ಇನ್ನೊಂದು ಲೆಕ್ಕ: ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ನಾಳೆ ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗುವುದೆಲ್ಲಿಗೆ, ಮಗಳ ಬಾಣಂತನ ಮಾಡುವವರು ಯಾರು, ಗೌರಿ ಹಬ್ಬದ ಬಾಗಿನ ತರುವವರು ಯಾರು? ಕಾನೂನು ಸಾಕ್ಷರತೆಯ ಶಿಬಿರ ನಡೆಸುವವರಿಗೆ ಈ ಲೆಕ್ಕ ತಿಳಿಯದಿದ್ದರೆ ಶಿಬಿರದಿಂದ ಪ್ರಯೋಜನವಿಲ್ಲ. ಈ ಲೆಕ್ಕವನ್ನು ಕೂತು ಕೇಳಿಸಿಕೊಳ್ಳುವ ವ್ಯವಧಾನವನ್ನು ನನ್ನ ಶಾಸ್ತ್ರ ಕಲಿಸುತ್ತದೆ. ನಾನು ಅದನ್ನು ಪ್ರೀತಿಸುವುದೂ ಇದಕ್ಕೇ.

3. ಹಳೆಯ ಅಧ್ಯಯನಗಳನ್ನು ಕಪಾಟಿನಿಂದ ಇಳಿಸಬೇಕು.

ಮೈಸೂರಲ್ಲೇ ಹುಟ್ಟಿದ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಇಲ್ಲಿಗೆ ಸಮೀಪದ ಕೊಡಗಹಳ್ಳಿಗೆ ಹೋಗಿ ನೆಲೆಸಿ, ಆ ಊರನ್ನು ‘ರಾಮಪುರ’ ಎಂಬ ಹೆಸರಿನಲ್ಲಿ ಬರೆದರು. ‘ಪ್ರಬಲ ಜಾತಿ’ ಎಂದು ಇಂದು ಪತ್ರಿಕೆಗಳೂ ರಾಜಕಾರಣಿಗಳೂ ಆಡುವ ಮಾತಿಗೆ ಶಾಸ್ತ್ರೀಯ ಅರ್ಥ ಕೊಟ್ಟವರು ಅವರು. ನನಗೆ ಇನ್ನೂ ಹೆಚ್ಚು ನೆರವಾದದ್ದು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್. 1954ರಿಂದ 56ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು ಅವಕ್ಕೆ ವಂಗಲ, ದಲೇನ ಎಂದು ಹೆಸರಿಟ್ಟರು. ವಂಗಲಕ್ಕೆ ನಾಲೆಯ ನೀರು ಬಂತು, ಕಬ್ಬು ಬಂತು, ದುಡ್ಡು ಬಂತು. ಊರಿನೊಳಗಿನ ಸಂಬಂಧಗಳು ಹೆಚ್ಚುಕಡಿಮೆ ಹಿಂದಿನಂತೆಯೇ ಉಳಿದವು. ದಲೇನದ ಜಮೀನು ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಅಲ್ಲಿಯ ಜನ ಮಂಡ್ಯದ ಕೆಲಸ, ಗುತ್ತಿಗೆ, ವ್ಯಾಪಾರ ಹಿಡಿದರು. ಹಳೆಯ ಕಟ್ಟು ಸಡಿಲವಾದದ್ದು ಆ ಒಣ ಊರಿನಲ್ಲಿ. ದುಡ್ಡು ಬಂದ ಮಾತ್ರಕ್ಕೆ ಬದುಕು ಬದಲಾಗುವುದಿಲ್ಲ, ಯಾವ ದಾರಿಯಿಂದ ಬಂತು ಎಂಬುದೂ ಮುಖ್ಯ. ಪರಿಹಾರದ ಹಣದಲ್ಲಿ ಬಾಡಿಗೆ ಮನೆ ಕಟ್ಟಿದ ಕುಟುಂಬವನ್ನೂ, ಜಮೀನೇ ಇಲ್ಲದೆ ಮೊದಲೇ ಕಾರ್ಖಾನೆಯ ಕೆಲಸ ಹಿಡಿದ ಕುಟುಂಬವನ್ನೂ ಹಿನಕಲ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡುವಾಗ ಎಪ್‌ಸ್ಟೀನ್ ನೆನಪಾಗುತ್ತಾರೆ. ಅವರು 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ ಹೋದರು. ನಮ್ಮಲ್ಲಿ ಹಾಗೆ ಮರಳಿ ಹೋಗುವವರು ಕಡಿಮೆ.

4. ಸರ್ಕಾರಿ ಪಟ್ಟಿ ನೋಡುವಾಗ ಅದರ ಹಿಂದಿನ ಮನುಷ್ಯರನ್ನು ನೋಡಬೇಕು.

ಬೆಟ್ಟ ಕುರುಬ ಬುಡಕಟ್ಟಿನ ವಿಷಯವೇ ಸಾಕು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಾಡು ಕುರುಬ ಎಂದಿತ್ತು, ಬೆಟ್ಟ ಕುರುಬ ಎಂದಿರಲಿಲ್ಲ. ಆ ಹೆಸರನ್ನು ಸಮಾನಾರ್ಥಕವಾಗಿ ಸೇರಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಜಾತಿ ಪ್ರಮಾಣಪತ್ರಕ್ಕಾಗಿ ಅಲೆದ ಮಕ್ಕಳ ಕಾಲೇಜು ವರ್ಷಗಳನ್ನು ಯಾರು ಮರಳಿಸುತ್ತಾರೆ? ಯಾರು ಯಾರೊಂದಿಗೆ ಮದುವೆ ಮಾಡುತ್ತಾರೆ, ಯಾವ ದೇವರಿಗೆ ನಡೆದುಕೊಳ್ಳುತ್ತಾರೆ, ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ ಎಂದು ಒಬ್ಬ ಸಂಶೋಧಕ ಬರೆದಿಟ್ಟ ವರದಿ ಇಂಥಲ್ಲಿ ದಾಖಲೆಯಾಗುತ್ತದೆ. ಹಾಗಾಗಿ ಅದನ್ನು ಹಗುರವಾಗಿ ಬರೆಯಕೂಡದು.

5. ಬರೆದದ್ದನ್ನು ಅವರಿಗೇ ಓದಿ ಹೇಳಬೇಕು.

ಹೆಸರು ಬದಲಿಸಿದರೂ ಹಿನಕಲ್‌ನಂಥ ಊರಲ್ಲಿ ಯಾರ ಮನೆಯ ವಿಷಯ ಎಂದು ಗುರುತು ಹತ್ತುತ್ತದೆ. ಆದ್ದರಿಂದ ಆಸ್ತಿ ವ್ಯಾಜ್ಯದ ವಿವರಗಳನ್ನು ಹಲವು ಮನೆಗಳಿಂದ ಬೆರೆಸಿ ಬರೆಯುತ್ತೇವೆ, ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಓದುತ್ತೇವೆ. ‘ಇದು ಬೇಡ ಮಗ, ತೆಗಿ’ ಎಂದು ಅಜ್ಜಿ ಹೇಳಿದರೆ ತೆಗೆಯುತ್ತೇವೆ. ನಗರಸಭೆಗೆ ಹೋಗುವ ಪ್ರತಿಯಲ್ಲಿ ಉಳಿಯುವುದು ಒಳಚರಂಡಿ, ಸ್ಮಶಾನದ ಜಾಗ, ದನ ಕಟ್ಟುವವರಿಗೆ ಬೇಕಾದ ಜಾಗ, ಬಾಡಿಗೆದಾರರ ಕುಡಿಯುವ ನೀರು. ಊರಿನವರು ಕೇಳಿ ಒಪ್ಪಿದ ಮೇಲೆಯೇ ಆ ಪ್ರತಿ ಕಚೇರಿಗೆ ಹೋಗುತ್ತದೆ.