ಸ್ವಿಚ್ಚಿಗೆ ಕೈ ಹಾಕುವ ಮುನ್ನ

ಮನೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನದ ಗುಂಡಿ ಒತ್ತಿದರೂ ಹಜಾರ್ಡ್ ದೀಪ ಮಿನುಗುತ್ತಿಲ್ಲ, ಸ್ವಿಚ್ಚನ್ನು ನಾನೇ ಬದಲಿಸಲೇ ಎಂದು ಕೇಳುವ ಹುಡುಗ ಹುಡುಗಿಯರಿಗೆ ನನ್ನ ಉತ್ತರ ಒಂದೇ: ಧಾರಾಳವಾಗಿ ಬದಲಿಸಿ. ವಾರಂಟಿ ಮುಗಿದಿಲ್ಲವಾದರೆ ಮಾತ್ರ ಸರ್ವಿಸ್ ಸೆಂಟರಿಗೇ ಬಿಟ್ಟುಬಿಡಿ. ಆದರೆ ಸ್ಕ್ರೂಡ್ರೈವರ್ ಹುಡುಕುವ ಮೊದಲು ಒಂದು ಪ್ರಶ್ನೆ. ಕೆಟ್ಟಿರುವುದು ಸ್ವಿಚ್ಚೇ ಎಂದು ನಿಮಗೆ ಹೇಳಿದವರು ಯಾರು?

ಮೊದಲು ಎಡ, ಬಲ ಇಂಡಿಕೇಟರ್ ಹಾಕಿ ನೋಡಿ. ಒಂದು ಬದಿ ಪಟಪಟನೆ ಅವಸರದಲ್ಲಿ ಮಿನುಗಿದರೆ ಸಾಮಾನ್ಯವಾಗಿ ಆ ಬದಿಯ ಬಲ್ಬೊಂದು ಹೋಗಿರುತ್ತದೆ, ಅದು ಪಾಪ ಸ್ವಿಚ್ಚಿನ ತಪ್ಪಲ್ಲ. ಎರಡೂ ಬದಿ ಸರಿಯಾಗಿದ್ದು ಹಜಾರ್ಡ್ ಮಾತ್ರ ಸತ್ತಿದ್ದರೆ ಫ್ಯೂಸ್ ನೋಡಿ. ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲೂ ಹಜಾರ್ಡ್ ಮಿನುಗಬೇಕಾದ್ದರಿಂದ ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಬರುತ್ತದೆ. ಹಲವು ಕಾರುಗಳಲ್ಲಿ ಅದರ ಫ್ಯೂಸೂ ಬೇರೆ. ಯಾವುದು ಎಂಬುದು ಕಾರಿನ ಜತೆ ಬಂದ ಕೈಪಿಡಿಯಲ್ಲಿದೆ. ಗ್ಲೋವ್ ಬಾಕ್ಸಿನಲ್ಲಿ ಯಾರೂ ತೆರೆಯದೆ ಬಿದ್ದಿರುವ ಆ ಪುಸ್ತಕವನ್ನು ಈ ನೆಪದಲ್ಲಾದರೂ ಓದಿ.

ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಕೆಂಪು 10, ನೀಲಿ 15, ಹಳದಿ 20. ಕೆಂಪು ಪದೇ ಪದೇ ಸುಡುತ್ತದೆಂದು ಹಳದಿ ಸಿಕ್ಕಿಸುವ ಜಾಣರಿದ್ದಾರೆ. ಫ್ಯೂಸ್ ಉಳಿಯುತ್ತದೆ, ನಿಜ. ಅದರ ಬದಲು ಒಳಗಿನ ವೈರ್ ಸುಡುತ್ತದೆ. ಆ ಕಾರಿನಲ್ಲಿ ನಿಮ್ಮ ಅಮ್ಮ ಕೂರುತ್ತಾರೆ, ತಂಗಿ ಕೂರುತ್ತಾಳೆ. ಈ ಒಂದು ವಿಷಯದಲ್ಲಿ ಯಾರ ಸಲಹೆಯನ್ನೂ ಕೇಳಬೇಡಿ. ಸ್ವಿಚ್ ಬೇಡ, ವೈರನ್ನು ಡೈರೆಕ್ಟ್ ಕೊಟ್ಟುಬಿಡು ಎನ್ನುವವರ ಸಲಹೆಯೂ ಇದೇ ಜಾತಿಯದು.

ಫ್ಯೂಸೂ ಸರಿ ಇದೆಯೇ? ಈಗ ಸ್ವಿಚ್ಚಿನ ಮೇಲೆ ಅನುಮಾನ ಪಡಬಹುದು. ಹಳೆಯ ಕಾರುಗಳಲ್ಲಿ ದೀಪಗಳ ಪೂರ್ತಿ ಹೊರೆ ಈ ಸಣ್ಣ ಗುಂಡಿಯ ಮೂಲಕವೇ ಸಾಗುತ್ತದೆ. 21 ವ್ಯಾಟಿನ ನಾಲ್ಕು ಬಲ್ಬೆಂದರೆ 84 ವ್ಯಾಟ್. 12 ವೋಲ್ಟಿನಲ್ಲಿ ಅದು 7 ಆಂಪಿಯರ್. ವರ್ಷಗಟ್ಟಲೆ ಹಾಗೆ ಹರಿದರೆ ಒಳಗಿನ ತಾಮ್ರದ ತುದಿಗಳು ಕಪ್ಪುಗಟ್ಟುತ್ತವೆ. ಹೊಸ ಕಾರುಗಳಲ್ಲಿ ಗುಂಡಿ ಬರೀ ಸಂಕೇತ ಕಳಿಸುತ್ತದೆ, ಉಳಿದದ್ದನ್ನು ಕಂಟ್ರೋಲ್ ಯೂನಿಟ್ ನೋಡಿಕೊಳ್ಳುತ್ತದೆ.

ಇನ್ನು ಕೆಲಸ. ಕೈಯ ಉಂಗುರ, ಕಡಗ ತೆಗೆದಿಡಿ. 12 ವೋಲ್ಟ್ ನಿಮಗೆ ಶಾಕ್ ಹೊಡೆಯಲಾರದು, ಆದರೆ ಬ್ಯಾಟರಿಯ ಪಾಸಿಟಿವ್‌ಗೂ ಬಾಡಿಗೂ ಉಂಗುರ ಒಟ್ಟಿಗೆ ತಗುಲಿದರೆ ಅದು ಬೆರಳಲ್ಲೇ ಕಾದ ಕಬ್ಬಿಣವಾಗುತ್ತದೆ. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಂಡು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಆಮೇಲೆ ಸುಮ್ಮನೆ ಕಾಯಿರಿ. ಏರ್‌ಬ್ಯಾಗಿನ ಯೂನಿಟ್ಟಿನಲ್ಲಿ ಉಳಿದ ಚಾರ್ಜ್ ಇಳಿಯಲು ಕೆಲವು ನಿಮಿಷ ಬೇಕು. ಎಷ್ಟೆಂಬುದನ್ನೂ ಕೈಪಿಡಿಯೇ ಹೇಳಲಿ. ಡ್ಯಾಶ್‌ಬೋರ್ಡಿನೊಳಗೆ ಹಳದಿ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಕಂಡರೆ ಮುಟ್ಟಬೇಡಿ, ಮಲ್ಟಿಮೀಟರ್ ಇಟ್ಟು ನೋಡುವುದಂತೂ ಬೇಡವೇ ಬೇಡ. ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು.

ಸ್ವಿಚ್ಚನ್ನು ಮೀಟಲು ಪ್ಲಾಸ್ಟಿಕ್ ಪಟ್ಟಿ ಬಳಸಿ. ಸ್ಕ್ರೂಡ್ರೈವರೇ ಗತಿಯಾದರೆ ತುದಿಗೆ ಟೇಪ್ ಸುತ್ತಿ. ಮುಂಜಾನೆಯ ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗಿರುತ್ತದೆ, ಲಾಕುಗಳು ಪಟಕ್ಕನೆ ಮುರಿಯುತ್ತವೆ. ಬಿಸಿಲೇರಿದ ಮೇಲೆ ಕುಳಿತುಕೊಳ್ಳಿ. ಹೊರಬಂದ ಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆದು, ಕಪ್ಲರಿನ ನಾಲಿಗೆ ಒತ್ತಿ ಬಿಡಿಸಿ. ವೈರ್ ಹಿಡಿದು ಜಗ್ಗಬೇಡಿ. ಕಪ್ಲರ್ ಒಳಗೆ ಜಾರಿಹೋಗದಂತೆ ಟೇಪಿನಿಂದ ಹೊರಗೇ ಅಂಟಿಸಿ, ಇಲ್ಲವಾದರೆ ಅದನ್ನು ಹುಡುಕಲು ಅರ್ಧ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದೀತು. ಕೈಯಲ್ಲಿರುವ ಸ್ವಿಚ್ಚಿನ ಕಾಲುಗಳಿಗೆ, ಬೀಪ್ ಕೊಡುವ ಸೆಟ್ಟಿಂಗಿನಲ್ಲಿಟ್ಟ ಮಲ್ಟಿಮೀಟರ್ ಹಿಡಿದು ಗುಂಡಿ ಒತ್ತಿ. ಯಾವ ಜೋಡಿ ಕಾಲಿಗೂ ಬೀಪ್ ಬರದಿದ್ದರೆ ಕೆಟ್ಟಿರುವುದು ಅದೇ.

ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ, ಬೆಂಗಳೂರಿನ ಜೆ.ಸಿ. ರಸ್ತೆಯಾದರೂ ಸರಿ, ನಿಮ್ಮೂರಿನದಾದರೂ ಸರಿ. ಹಿಂಬದಿಯ ಪಾರ್ಟ್ ನಂಬರ್ ಹೊಂದಬೇಕು. ನೋಡಲು ಒಂದೇ ಥರ ಇದ್ದು ಒಳಗಿನ ಕಾಲುಗಳು ಅದಲುಬದಲಾಗಿರುವ ಸ್ವಿಚ್ಚುಗಳು ಬೇಕಾದಷ್ಟಿವೆ.

ಹೊಸ ಸ್ವಿಚ್ ಕೂರಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮತ್ತೆ ಹಾಕಿದ ಮೇಲೆ ಗುಂಡಿ ಒತ್ತಿ ಕಾರಿಗೆ ಒಂದು ಸುತ್ತು ಬನ್ನಿ. ನಾಲ್ಕು ಮೂಲೆಯೂ ಮಿನುಗಬೇಕು, ಆರಿಸಿದಾಗ ಎಲ್ಲವೂ ಆರಬೇಕು. ಹಾಗಾಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ, ಏನೇನು ನೋಡಿದಿರಿ, ಏನು ಸರಿಯಿತ್ತು ಎಂದು ಒಂದೊಂದಾಗಿ ಹೇಳಿ. ಅವರ ಅರ್ಧ ಕೆಲಸ ಉಳಿತಾಯವಾಗುತ್ತದೆ.