ಮೊದಲೇ ಸೋರಿದ್ದು ಮರಳಿ ಬಾರದು

ಕ್ವಾಂಟಮ್ ಲ್ಯಾಬಿಗೆ ಹೊಸದಾಗಿ ಸೇರಿರುವ ಮಗುವಿಗೆ,

‘ಸಿಗ್ನಲ್ ಸಣ್ಣದು, ಇನ್ನೊಂದು ಆಂಪ್ಲಿಫೈಯರ್ ಹಾಕಿದರೆ ಆಯಿತಲ್ಲ?’ ಎಂದು ಮೊನ್ನೆ ನೀನು ಕೇಳಿದೆ. ಊರ ಜಾತ್ರೆಯಲ್ಲಿ ಮೈಕು ಗುಂಯ್ ಅನ್ನುವಾಗ ವಾಲ್ಯೂಮ್ ಏರಿಸಿದರೆ ಏನಾಗುತ್ತದೆ, ಹೇಳು? ಹರಿಕಥೆಯ ಜೊತೆಗೆ ಗುಂಯ್ ಕೂಡ ಏರುತ್ತದೆ.

ನಿನ್ನ ಕ್ಯೂಬಿಟ್ ಇರುವುದು ಡೈಲ್ಯೂಷನ್ ಫ್ರಿಜ್ಜಿನ ತಳದ ತಟ್ಟೆಯಲ್ಲಿ, 10–20 ಮಿಲಿಕೆಲ್ವಿನ್ ಚಳಿಯಲ್ಲಿ. ಅದರ ಸುದ್ದಿ ಹೊತ್ತು ತರುವುದು ಕೆಲವೇ ಮೈಕ್ರೋವೇವ್ ಫೋಟಾನುಗಳು. 6 ಗಿಗಾಹರ್ಟ್ಸ್‌ನ ಒಂದು ಫೋಟಾನನ್ನು ಕೆಲ್ವಿನ್ ಲೆಕ್ಕಕ್ಕೆ ತಂದರೆ 0.3ಕ್ಕೂ ತುಸು ಕಡಿಮೆ. 4 ಕೆಲ್ವಿನ್ ತಟ್ಟೆಯ ಮೇಲೆ ಕೂರುವ ಹೆಮ್ಟ್ ಎಂಬ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಳ್ಳೆಯದೇ. ಆದರೆ ಅದು ತನ್ನ ಕಡೆಯಿಂದ ಸೇರಿಸುವ ನಾಯ್ಸೇ ಎರಡು–ಮೂರು ಕೆಲ್ವಿನ್. ಅದನ್ನೇ ತಳಕ್ಕಿಳಿಸೋಣವೆಂದರೆ, ಅದು ಉಗುಳುವ ಶಾಖ ಮಿಲಿವಾಟುಗಳಲ್ಲಿ; ತಳದಲ್ಲಿ ಫ್ರಿಜ್ ತಾಳಿಕೊಳ್ಳುವುದು ಮೈಕ್ರೋವಾಟುಗಳಲ್ಲಿ.

ಅದಕ್ಕೇ ಅಲ್ಲಿ ಜೋಸೆಫ್‌ಸನ್ ಪ್ಯಾರಾಮೆಟ್ರಿಕ್ ಆಂಪ್ಲಿಫೈಯರ್ ಇಡುತ್ತೇವೆ. ಬ್ರಯನ್ ಜೋಸೆಫ್‌ಸನ್ 1962ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಬರೀ ಲೆಕ್ಕದಲ್ಲಿ ಕಂಡುಕೊಂಡ ಪರಿಣಾಮವೇ ಅದರ ಜೀವ. ಸಿಗ್ನಲ್ಲಿನ ಎರಡೂ ಕ್ವಾಡ್ರೇಚರ್ ಘಟಕಗಳನ್ನು ಸಮನಾಗಿ ಹಿಗ್ಗಿಸುವ ಆಂಪ್ಲಿಫೈಯರ್ ಅರ್ಧ ಫೋಟಾನಿನಷ್ಟಾದರೂ ನಾಯ್ಸ್ ಸೇರಿಸಲೇಬೇಕೆಂದು ಕಾರ್ಲ್‌ಟನ್ ಕೇವ್ಸ್ 1982ರಲ್ಲಿ ತೋರಿಸಿದರು. ನಮ್ಮ ಪ್ಯಾರಾಮೆಟ್ರಿಕ್ ಆಂಪ್ಲಿಫೈಯರ್ ಆ ಗಡಿಯ ಹತ್ತಿರದವರೆಗೂ ಹೋಗುತ್ತದೆ. ಇದು ನೂರು ಪಟ್ಟು ಹಿಗ್ಗಿಸಿ ಮೇಲಕ್ಕೆ ಕಳಿಸಿದರೆ, ಹೆಮ್ಟ್‌ನ 3 ಕೆಲ್ವಿನ್ ನಾಯ್ಸ್ ಬರೀ 0.03 ಆಗಿ ಲೆಕ್ಕಕ್ಕೆ ಬರುತ್ತದೆ. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಫ್ರೀಸ್ 1944ರಲ್ಲೇ ಬರೆದಿಟ್ಟ ಸೂತ್ರವಿದು.

ಆ ಸೂತ್ರಕ್ಕೆ ಇನ್ನೊಂದು ಮಗ್ಗುಲಿದೆ. ಕ್ಯೂಬಿಟ್ ಇರುವ ಚಿಪ್ಪಿಗೂ ಮೊದಲ ಆಂಪ್ಲಿಫೈಯರಿಗೂ ನಡುವೆ ಅರ್ಧ ಸಿಗ್ನಲ್ ಸೋರಿದರೆ, ಮೇಲೆ ಎಷ್ಟು ಹಿಗ್ಗಿಸಿದರೂ ಅದು ವಾಪಸ್ ಬಾರದು. ನನಗಿದನ್ನು ಕಲಿಸಿದ್ದು ಒಂದು ಎಸ್‌ಎಂಎ ಕನೆಕ್ಟರ್. ಎರಡು ವಾರ ಆಂಪ್ಲಿಫೈಯರನ್ನೇ ಬೈಯುತ್ತಾ, ಅದನ್ನು ನಡೆಸುವ ಪಂಪ್ ಸಿಗ್ನಲ್ಲಿನ ಫ್ರೀಕ್ವೆನ್ಸಿ ಬದಲಿಸುತ್ತಾ ಕುಳಿತಿದ್ದೆ. ಕೊನೆಗೆ ಫ್ರಿಜ್ ಬಿಸಿಮಾಡಿ ತೆರೆದರೆ, ಚಿಪ್ಪಿನಿಂದ ಹೊರಟ ಮೊದಲ ಕೇಬಲ್ಲಿನ ನಟ್ಟು ಬೆರಳಿಗೇ ತಿರುಗಿತು. ಕೈಯಲ್ಲೇ ಬಿಗಿದು, ಟಾರ್ಕ್ ವ್ರೆಂಚ್ ಹಾಕಲು ಮರೆತಿದ್ದೆ.

ಹಾಗಾಗಿ ಫ್ರಿಜ್ ಮುಚ್ಚುವ ಮುನ್ನ ಚಿಪ್ಪಿನಿಂದ ಹೊರಟು ಮೊದಲ ಆಂಪ್ಲಿಫೈಯರ್‌ವರೆಗೆ ನೀನೇ ಒಮ್ಮೆ ಕೈಯಾಡಿಸು. ಒಂದೊಂದು ನಟ್ಟಿಗೂ ವ್ರೆಂಚ್ ‘ಟಕ್’ ಅನ್ನಲಿ. ಅದಕ್ಕೆ ಹಿಡಿಯುವುದು ಹತ್ತು ನಿಮಿಷ. ತಪ್ಪಿದ್ದು ತಿಳಿಯಲು ಎರಡು ವಾರ.

ಇತಿ,
ನಿನ್ನ ಮೇಷ್ಟ್ರು