‘ಆಫ್‌ಲೈನ್’ ಎಂದರೆ ದೋಷ ಎಲ್ಲಿ? – ದೋಷ ಪತ್ತೆಯನ್ನು ಕಲಿಸುವ ಒಂದು ಮಾದರಿ ಪಾಠ

ಪೀಠಿಕೆ

ವೈಜ್ಞಾನಿಕ ವಿಧಾನದ ಹಂತಗಳನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ತರಗತಿಯ ಪ್ರೊಜೆಕ್ಟರ್ ಹತ್ತದ ದಿನ ಅದೇ ಪ್ರಶಿಕ್ಷಣಾರ್ಥಿಗಳು ಕೈಗೆ ಸಿಕ್ಕ ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚುತ್ತಾರೆ. ಕೆಲವೊಮ್ಮೆ ಅದು ಸರಿಹೋಗುತ್ತದೆ. ಏಕೆ ಸರಿಹೋಯಿತು ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಹೀಗಾಗಿ ಮುಂದಿನ ಬಾರಿಗೂ ಅದೇ ಪರದಾಟ.

ಜಾನ್ ಡ್ಯೂಯಿ 1910ರಲ್ಲಿ ಚಿಂತನೆಯ ಐದು ಹಂತಗಳನ್ನು ವಿವರಿಸಿದಾಗ, ತೊಡಕು ಅನುಭವಕ್ಕೆ ಬರುವುದನ್ನು ಮೊದಲನೆಯದಾಗಿಯೂ ಆ ತೊಡಕು ಎಲ್ಲಿದೆ, ಏನು ಎಂದು ಗುರುತಿಸುವುದನ್ನು ಎರಡನೆಯದಾಗಿಯೂ ಇಟ್ಟರು. ಪರಿಹಾರದ ಸೂಚನೆ ಬರುವುದು ಮೂರನೆಯ ಹಂತದಲ್ಲಿ. ನಮ್ಮ ಪಾಠಗಳಲ್ಲಿ ಹಾರಿಹೋಗುವುದು ಈ ಎರಡನೆಯ ಹಂತವೇ. ಅದನ್ನೇ ಕೇಂದ್ರವಾಗಿಟ್ಟುಕೊಂಡು ಅಭ್ಯಾಸ ಶಾಲೆಯ ಒಂಬತ್ತನೆಯ ತರಗತಿಗೆ ನಾನು ನೀಡಿದ ಮಾದರಿ ಪಾಠವನ್ನು ಇಲ್ಲಿ ದಾಖಲಿಸಿದ್ದೇನೆ. ಪ್ರಶಿಕ್ಷಣಾರ್ಥಿಗಳು ಅವಲೋಕನ ಪತ್ರಿಕೆ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

ಪಾಠದ ವಸ್ತು

ನಾನು ಆರಿಸಿಕೊಂಡದ್ದು ಬೆಕ್ಕು ಸಾಕುವ ಮನೆಗಳಲ್ಲಿ ಬಳಸುವ ಸ್ವಯಂಚಾಲಿತ ಲಿಟರ್ ಬಾಕ್ಸ್. ನಗರದ ಫ್ಲಾಟುಗಳಲ್ಲಿ ಬೆಕ್ಕಿಗೆ ಹೊರಗೆ ಮಣ್ಣು ಸಿಗುವುದಿಲ್ಲ. ಆದ್ದರಿಂದ ಮರಳಿನಂಥ ಕಾಳು ತುಂಬಿದ ತಟ್ಟೆಯೊಂದನ್ನು ಮನೆಯೊಳಗೇ ಇಡುತ್ತಾರೆ. ಅದರ ಸ್ವಯಂಚಾಲಿತ ರೂಪದಲ್ಲಿ ಒಂದು ಡ್ರಮ್ಮು, ಒಂದು ಮೋಟಾರು, ತೂಕ ಅಳೆಯುವ ಸಂವೇದಕ ಇರುತ್ತವೆ. ಬೆಕ್ಕು ಒಳಹೊಕ್ಕು ಹೊರಬಂದ ಸ್ವಲ್ಪ ಹೊತ್ತಿನ ಮೇಲೆ ಡ್ರಮ್ಮು ತಿರುಗಿ, ಗಟ್ಟಿಯಾದ ಉಂಡೆಗಳನ್ನು ಕೆಳಗಿನ ಡಬ್ಬಿಗೆ ಬೀಳಿಸುತ್ತದೆ. ಬೆಕ್ಕು ದಿನಕ್ಕೆ ಎಷ್ಟು ಸಲ ಬಂತು, ಡಬ್ಬಿ ತುಂಬಿತೇ ಎಂಬ ವಿವರ ವೈಫೈ ಮೂಲಕ ಯಜಮಾನರ ಫೋನಿಗೆ ಬರುತ್ತದೆ.

ಹೆಸರು ಹೇಳುತ್ತಿದ್ದಂತೆ ಒಬ್ಬ ಹುಡುಗ, “ಎಷ್ಟು ಲೀಟರ್ ಹಿಡಿಯುತ್ತೆ ಸರ್?” ಎಂದು ಕೇಳಿದ. ಆ ಪ್ರಶ್ನೆಯಿಂದಲೇ ವಸ್ತುವಿನ ಪರಿಚಯ ಆರಂಭವಾಯಿತು. ಇಡೀ ತರಗತಿಯಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಈ ಪಾಠಕ್ಕೆ ನನಗೆ ಬೇಕಾಗಿದ್ದುದೂ ಅದೇ.

ಪಾಠಯೋಜನೆಯ ಸಾರ

ತರಗತಿ: ಒಂಬತ್ತು. ಅವಧಿ: 80 ನಿಮಿಷ, ಜೋಡಿ ಅವಧಿ.

ಪೂರ್ವಜ್ಞಾನ: ‘ಶಬ್ದ’ ಪಾಠದಲ್ಲಿ ಕಲಿತ ತರಂಗದೂರ, ಆವೃತ್ತಿ, ವೇಗ ಇವುಗಳ ಸಂಬಂಧ, ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕುವ ರೂಢಿ.

ಕಲಿಕಾ ಫಲಗಳು: ವಿದ್ಯಾರ್ಥಿಯು (1) ಒಂದು ವ್ಯವಸ್ಥೆಯನ್ನು ಕೊಂಡಿಗಳ ಸರಪಳಿಯಾಗಿ ಚಿತ್ರಿಸುವನು, (2) ‘ಆದರೆ’, ‘ಆಗದಿದ್ದರೆ’ ಎರಡರಿಂದಲೂ ಏನಾದರೂ ತಿಳಿಯುವಂಥ ಪರೀಕ್ಷೆಯನ್ನು ಆರಿಸುವನು, (3) ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವನು.

ಸಾಮಗ್ರಿ: ರಟ್ಟಿನ ತುಂಡುಗಳಲ್ಲಿ ಬರೆದ ಐದು ಕೊಂಡಿಗಳು, ಪ್ರತಿ ಗುಂಪಿಗೆ ಹನ್ನೆರಡು ಲಕೋಟೆಗಳು. ಲಕೋಟೆಯ ಮೇಲೆ ಒಂದು ಪರೀಕ್ಷೆಯ ಹೆಸರು, ಒಳಗೆ ಅದರ ಫಲಿತಾಂಶದ ಚೀಟಿ. ನಿಜವಾದ ಉಪಕರಣವಾಗಲಿ ಇಂಟರ್ನೆಟ್ ಆಗಲಿ ಬೇಕಿಲ್ಲ.

ಪೀಠಿಕಾ ಪ್ರಶ್ನೆ

“ಬೆಳಿಗ್ಗೆ ನಲ್ಲಿ ತಿರುಗಿಸಿದಿರಿ, ನೀರು ಬರಲಿಲ್ಲ. ಮೊದಲು ಏನು ಮಾಡುತ್ತೀರಿ?” ಎಂದು ಕೇಳಿದೆ. “ಪಕ್ಕದ ಮನೆಗೆ ನೀರು ಬಂದಿದೆಯಾ ಅಂತ ಕೇಳ್ತೀವಿ” ಎಂಬ ಉತ್ತರ ಹಲವು ಕಡೆಯಿಂದ ಒಟ್ಟಿಗೇ ಬಂತು. ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ಆ ಪ್ರಶ್ನೆ ಏಕೆ ಒಳ್ಳೆಯದು ಎಂದು ಚರ್ಚೆಗೆ ಬಿಟ್ಟೆ. ಪಕ್ಕದ ಮನೆಗೆ ಬಂದಿದ್ದರೆ ದೋಷ ನಮ್ಮ ಪೈಪಿನಲ್ಲಿ. ಬಂದಿಲ್ಲದಿದ್ದರೆ ಟ್ಯಾಂಕಿನ ಕಡೆ. ಯಾವ ಉತ್ತರ ಬಂದರೂ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯಿತು. ನಲ್ಲಿಯನ್ನು ಬಿಚ್ಚಿದರೆ ಇಷ್ಟು ತಿಳಿಯುತ್ತಿರಲಿಲ್ಲ. ಮಕ್ಕಳು ಮನೆಯಲ್ಲಿ ದಿನವೂ ಮಾಡುವ ಈ ತರ್ಕಕ್ಕೆ ಹೆಸರಿಡುವುದಷ್ಟೇ ನನ್ನ ಕೆಲಸವಾಗಿತ್ತು.

ಸಮಸ್ಯೆಯ ಮಂಡನೆ

ಸಮಸ್ಯೆಯ ಚೀಟಿಯಲ್ಲಿ ಹೀಗೆ ಬರೆದಿದ್ದೆ: ‘ಮನೆಗೆ ಹೊಸ ರೂಟರ್ ಬಂದ ದಿನದಿಂದ ಲಿಟರ್ ಬಾಕ್ಸ್ ಆ್ಯಪ್‌ನಲ್ಲಿ “ಆಫ್‌ಲೈನ್” ಎಂದು ತೋರಿಸುತ್ತಿದೆ. ಹೊಸ ವೈಫೈ ಹೆಸರು, ಪಾಸ್‌ವರ್ಡ್ ಕೊಟ್ಟು ಮತ್ತೆ ಜೋಡಿಸಲು ಹೋದರೆ “ವಿಫಲ” ಎನ್ನುತ್ತದೆ. ಬೆಕ್ಕು ಬಂದುಹೋದ ಮೇಲೆ ಡ್ರಮ್ಮು ಎಂದಿನಂತೆ ತಿರುಗುತ್ತದೆ. ಪೆಟ್ಟಿಗೆ ಹಿಂದಿನ ಯುಟಿಲಿಟಿಯಲ್ಲಿದೆ. ಅದಕ್ಕೂ ರೂಟರ್‌ಗೂ ನಡುವೆ ಎರಡು ಗೋಡೆಗಳಿವೆ.’

ಐದು ಕೊಂಡಿಗಳನ್ನು ಮಕ್ಕಳೇ ಸಾಲಾಗಿ ಹಿಡಿದು ನಿಂತರು: ಪೆಟ್ಟಿಗೆ, ರೂಟರ್, ಇಂಟರ್ನೆಟ್, ಕಂಪನಿಯ ಸರ್ವರ್, ಫೋನಿನ ಆ್ಯಪ್. ‘ಆಫ್‌ಲೈನ್’ ಎಂಬ ಪದ ಆ್ಯಪ್‌ನಲ್ಲಿ ಕಾಣುತ್ತದೆ. ಆದರೆ ಸರಪಳಿಯ ಯಾವ ಕೊಂಡಿ ಕಳಚಿದರೂ ಅಲ್ಲಿ ಕಾಣುವುದು ಅದೇ ಪದ. ಲಕ್ಷಣ ಕಾಣುವ ಜಾಗವೂ ದೋಷವಿರುವ ಜಾಗವೂ ಒಂದೇ ಆಗಿರಬೇಕಿಲ್ಲ ಎಂಬುದು ಈ ಸಾಲನ್ನು ನೋಡಿದಾಗ ವಿವರಣೆಯಿಲ್ಲದೆ ತಿಳಿಯಿತು.

ಆಗ ಒಬ್ಬಳು, “ವೈಫೈ ಇಲ್ಲದಿದ್ದರೆ ಬೆಕ್ಕು ಏನ್ಮಾಡುತ್ತೆ ಸರ್?” ಎಂದಳು. ತರಗತಿ ನಕ್ಕಿತು. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿತ್ತು. ಬೆಕ್ಕಿಗೆ ವೈಫೈ ಬೇಕಿಲ್ಲ. ಸಂಪರ್ಕ ತಪ್ಪಿದಾಗ ಕುರುಡಾಗುವುದು ಫೋನನ್ನು ನಂಬಿ ಕುಳಿತ ಮನುಷ್ಯ. ಗಂಡು ಬೆಕ್ಕಿಗೆ ಮೂತ್ರನಾಳ ಕಟ್ಟಿಕೊಂಡರೆ ಅದು ಮತ್ತೆ ಮತ್ತೆ ಪೆಟ್ಟಿಗೆಗೆ ಹೋಗಿ ತಿಣುಕುತ್ತದೆ, ಮೂತ್ರ ಬರುವುದಿಲ್ಲ. ಅದು ತಡಮಾಡದೆ ಪಶುವೈದ್ಯರ ಬಳಿ ಒಯ್ಯಬೇಕಾದ ಸ್ಥಿತಿ. ಹಾಗಾಗಿ ದೋಷ ಸರಿಹೋಗುವವರೆಗೆ ಪೆಟ್ಟಿಗೆಯನ್ನು ಕಣ್ಣಾರೆ ನೋಡುತ್ತಿರಬೇಕು; ಯಂತ್ರವೇ ನಿಂತುಹೋಗಿದ್ದರೆ ಸಾದಾ ತಟ್ಟೆಯಲ್ಲಿ ಕಾಳು ಹಾಕಿಡಬೇಕು. ಪ್ಲಗ್ ತೆಗೆಯದೆ ಡ್ರಮ್ಮಿನೊಳಗೆ ಕೈ ಹಾಕಬಾರದು ಎಂಬ ಎಚ್ಚರಿಕೆಯನ್ನೂ ಇಲ್ಲೇ ಸೇರಿಸಿದೆ.

ಗುಂಪು ಚಟುವಟಿಕೆ

ಆರಾರು ಮಂದಿಯ ಆರು ಗುಂಪುಗಳು. ಪ್ರತಿ ಗುಂಪಿಗೂ ಹತ್ತು ಅಂಕಗಳ ಬಂಡವಾಳ. ಒಂದು ಲಕೋಟೆ ತೆರೆದರೆ ಒಂದು ಅಂಕ ಖರ್ಚು. ತೆರೆಯುವ ಮೊದಲು ‘ಆದರೆ ಏನು ತಿಳಿಯುತ್ತದೆ, ಆಗದಿದ್ದರೆ ಏನು ತಿಳಿಯುತ್ತದೆ’ ಎಂದು ಎರಡು ಸಾಲು ಬರೆಯಲೇಬೇಕು. ಈ ಪಾಠದ ಜೀವಾಳ ಈ ನಿಯಮ.

ಎರಡು ಗುಂಪುಗಳು ಮೊದಲಿಗೇ ‘ಕಾರ್ಖಾನೆ ಸ್ಥಿತಿಗೆ ರೀಸೆಟ್’ ಆರಿಸಿದವು. ಎರಡು ಸಾಲು ಬರೆಯುವಾಗಲೇ ಒಂದು ಗುಂಪು ತಡೆಯಿತು. ರೀಸೆಟ್ ಮಾಡಿ ಸರಿಹೋದರೆ ಕಾರಣ ತಿಳಿಯದು, ಸರಿಹೋಗದಿದ್ದರೂ ತಿಳಿಯದು. ಆ ಲಕೋಟೆಯನ್ನು ಹಾಗೇ ಇಟ್ಟುಬಿಟ್ಟರು. ಇನ್ನೊಂದು ಗುಂಪು ತೆರೆಯಿತು. ಒಳಗಿದ್ದ ಚೀಟಿ: ‘ಹೊಂದಿಸಿದ ಸಮಯ, ಬೆಕ್ಕಿನ ತೂಕ ಎಲ್ಲ ಅಳಿಸಿಹೋದವು. ಜೋಡಣೆ ಇನ್ನೂ ವಿಫಲ.’

ಉಳಿದ ಗುಂಪುಗಳು ತೆರೆದ ಮುಖ್ಯ ಲಕೋಟೆಗಳು ಇವು:

1. ಪೆಟ್ಟಿಗೆಯನ್ನು ರೂಟರ್ ಪಕ್ಕಕ್ಕೆ ತಂದು ಜೋಡಿಸುವುದು. ಫಲಿತಾಂಶ: ವಿಫಲ. ಗೋಡೆ, ದೂರ ಮಾತ್ರವೇ ಕಾರಣವಲ್ಲ.

2. ಅದೇ ಪಾಸ್‌ವರ್ಡ್ ಹಾಕಿ ಬೇರೊಂದು ಫೋನನ್ನು ರೂಟರ್‌ಗೆ ಜೋಡಿಸುವುದು. ಫಲಿತಾಂಶ: ಜೋಡಣೆಯಾಯಿತು, ವೀಡಿಯೊ ಓಡಿತು. ಪಾಸ್‌ವರ್ಡ್ ಸರಿ, ಇಂಟರ್ನೆಟ್ ಇದೆ.

3. ಒಂದು ಫೋನಿನಲ್ಲಿ 2.4 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಹಾಕಿ, ಪೆಟ್ಟಿಗೆಯನ್ನು ಅದಕ್ಕೆ ಜೋಡಿಸುವುದು. ಫಲಿತಾಂಶ: ಯಶಸ್ವಿ. ಪೆಟ್ಟಿಗೆ, ಸರ್ವರ್, ಆ್ಯಪ್ ಮೂರೂ ಸರಿ. ಉಳಿದದ್ದು ರೂಟರ್‌ನ ಹೊಂದಾಣಿಕೆ.

ಮೂರನೆಯದು ‘ಪಕ್ಕದ ಮನೆಯ ನಲ್ಲಿ’ ಎಂದು ಗುರುತಿಸಿದ್ದು ವಿದ್ಯಾರ್ಥಿಗಳೇ. ಒಂದೇ ಪರೀಕ್ಷೆ ಐದು ಕೊಂಡಿಗಳಲ್ಲಿ ಮೂರನ್ನು ಬಿಡಿಸಿಹಾಕಿತ್ತು.

ವಿಷಯ ವಿವರಣೆ

ಹುಡುಕಾಟ ರೂಟರ್‌ಗೆ ಬಂದು ನಿಂತ ಮೇಲೆಯೇ ತಾಂತ್ರಿಕ ವಿವರಣೆ ಕೊಟ್ಟೆ. ಮನೆಯ ರೂಟರ್ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿ ಮಕ್ಕಳೇ ತರಂಗದೂರ ಲೆಕ್ಕ ಹಾಕಿದರು: ಮೊದಲನೆಯದಕ್ಕೆ 12.5 ಸೆಂ.ಮೀ., ಎರಡನೆಯದಕ್ಕೆ 6 ಸೆಂ.ಮೀ. ಹೆಚ್ಚು ಆವೃತ್ತಿಯ ಅಲೆ ಹೆಚ್ಚು ದತ್ತಾಂಶ ಒಯ್ಯಬಲ್ಲದು, ಆದರೆ ಗೋಡೆ ದಾಟುವಾಗ ಬೇಗ ಕ್ಷೀಣಿಸುತ್ತದೆ. ಲಿಟರ್ ಬಾಕ್ಸ್ ಕಳಿಸುವುದು ನಾಲ್ಕಾರು ಅಂಕಿಗಳನ್ನಷ್ಟೇ; ಅದಕ್ಕೆ ವೇಗ ಬೇಕಿಲ್ಲ, ದೂರ ತಲುಪಬೇಕು. ಆದ್ದರಿಂದ ಇಂಥ ಉಪಕರಣಗಳಲ್ಲಿ ಬಹುಪಾಲು 2.4ರಲ್ಲಿ ಮಾತ್ರ ಕೆಲಸ ಮಾಡುವ ಅಗ್ಗದ ಚಿಪ್ಪು ಇರುತ್ತದೆ.

ಇದನ್ನು ಕೇಳುತ್ತಿದ್ದಂತೆ ಎಲ್ಲ ಗುಂಪುಗಳೂ ಕಾರಣ ಸಿಕ್ಕಿತೆಂದು ಕೂಗಿದವು. ನಾನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. “ಲಕೋಟೆ ತೆರೆಯಿರಿ” ಎಂದೆ. ‘2.4 ಪಟ್ಟಿಗೆ ಬೇರೆ ಹೆಸರಿಟ್ಟು ಅದಕ್ಕೇ ಜೋಡಿಸುವುದು.’ ಫಲಿತಾಂಶ: ವಿಫಲ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಪ್ರಸಿದ್ಧವಾದ ಕಾರಣವೇ ಈ ಮನೆಯ ಕಾರಣವೂ ಆಗಿರಬೇಕಿಲ್ಲ ಎಂಬುದನ್ನು ಆ ಚೀಟಿ ಹೇಳಿತು.

ಉಳಿದದ್ದು ಬೀಗ, ಅಂದರೆ ರೂಟರ್‌ನ ಭದ್ರತಾ ಕ್ರಮ. ವೈಫೈ ಅಲಯನ್ಸ್ 2018ರಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಕ್ರಮವನ್ನು ತಂದಿತು. ಹೊಸ ರೂಟರನ್ನು ಅದಕ್ಕೆ ಮಾತ್ರ ಹೊಂದಿಸಿದ್ದರೆ, ಹಿಂದಿನ ಡಬ್ಲ್ಯುಪಿಎ2 ಮಾತ್ರ ಬಲ್ಲ ಉಪಕರಣ ಸರಿಯಾದ ಪಾಸ್‌ವರ್ಡ್ ಹೇಳಿದರೂ ಒಳಗೆ ಬರಲಾರದು. ಕೀಲಿ ಸರಿಯಿದ್ದರೂ ಬೀಗದ ಜಾತಿಯೇ ಬೇರೆ. ಒಬ್ಬ ಹುಡುಗ, “ಪಾಸ್‌ವರ್ಡೇ ತೆಗೆದುಬಿಟ್ಟರೆ?” ಎಂದ. ಪರೀಕ್ಷೆಯಾಗಿ ಅದು ಏನನ್ನೋ ಹೇಳೀತು, ಆದರೆ ಮನೆಯ ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟಂತೆ ಎಂದು ಅವನ ಗುಂಪಿನವರೇ ತಡೆದರು. ಎರಡೂ ಕ್ರಮಗಳನ್ನು ಒಪ್ಪುವ ಮಿಶ್ರ ಹೊಂದಾಣಿಕೆಯ ಲಕೋಟೆ ತೆರೆದಾಗ ಫಲಿತಾಂಶ: ‘ಜೋಡಣೆಯಾಯಿತು.’

ಕಪ್ಪುಹಲಗೆಯ ಸಾರಾಂಶ

ಪಾಠದ ಕೊನೆಗೆ, ಬೇರೆ ಮನೆಗಳಲ್ಲಿ ಎದುರಾಗಬಹುದಾದ ಕಾರಣಗಳನ್ನೂ ಸೇರಿಸಿ ಹೀಗೆ ಬರೆದೆ:

- ಪೆಟ್ಟಿಗೆಯ ಕಡೆ: ದೀಪ ಜೋಡಣೆಗೆ ಸಿದ್ಧವಿದೆ ಎಂದು ಮಿನುಗುತ್ತಿದೆಯೇ? ಮಿನುಗುವ ರೀತಿ ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿ ನೋಡಬೇಕು.
- ಫೋನಿನ ಕಡೆ: ಆ್ಯಪ್‌ಗೆ ಸ್ಥಳದ ಅನುಮತಿ, ಸ್ಥಳೀಯ ಜಾಲದ ಅನುಮತಿ ಇದೆಯೇ? ವಿಪಿಎನ್ ಚಾಲೂ ಇದೆಯೇ? ಜೋಡಣೆಯ ಹೊತ್ತಿಗೆ ಫೋನು ತಾನಾಗಿ ಮೊಬೈಲ್ ಡೇಟಾಗೆ ಹಾರುತ್ತಿದೆಯೇ?
- ರೂಟರ್ ಕಡೆ: 2.4 ಪಟ್ಟಿ ಚಾಲೂ ಇದೆಯೇ? ಬೀಗದ ಕ್ರಮ ಯಾವುದು? ಹೊಸ ಉಪಕರಣಗಳನ್ನು ತಡೆಯುವ ಪಟ್ಟಿ ಇದೆಯೇ?
- ಜಾಲದ ಕಡೆ: ಹಾಸ್ಟೆಲಿನಂತೆ ಬ್ರೌಸರ್‌ನಲ್ಲಿ ಲಾಗಿನ್ ಕೇಳುವ ವೈಫೈಯೇ? ಪೆಟ್ಟಿಗೆಗೆ ಬ್ರೌಸರ್ ಇಲ್ಲ.
- ರೀಸೆಟ್: ಕೊನೆಯಲ್ಲಿ. ಅದು ಸಾಕ್ಷ್ಯವನ್ನೂ ಅಳಿಸುತ್ತದೆ.

ಮೌಲ್ಯಮಾಪನ

ಮೌಲ್ಯಮಾಪನಕ್ಕೆ ವೈಫೈ ಪ್ರಶ್ನೆ ಕೇಳಲಿಲ್ಲ. ‘ಶಾಲೆಯ ವಿದ್ಯುತ್ ಗಂಟೆ ಬಾರಿಸುತ್ತಿಲ್ಲ. ಯಾವುದನ್ನೂ ಬಿಚ್ಚದೆ, ವೈರ್ ಮುಟ್ಟದೆ ಮಾಡಬಹುದಾದ ಮೊದಲ ಪರೀಕ್ಷೆ ಯಾವುದು? ಅದರ ಎರಡೂ ಫಲಿತಾಂಶಗಳಿಂದ ಏನು ತಿಳಿಯುತ್ತದೆ?’ ಎಂದು ಕೇಳಿದೆ. ನಾಲ್ಕು ಅಂಕ: ಪರೀಕ್ಷೆಗೆ ಒಂದು, ಎರಡು ಫಲಿತಾಂಶಗಳಿಗೆ ಒಂದೊಂದು, ಉಳಿದುದನ್ನು ಬದಲಿಸದೆ ಇಟ್ಟದ್ದಕ್ಕೆ ಒಂದು. ‘ಅದೇ ಕೋಣೆಯ ಫ್ಯಾನ್ ತಿರುಗುತ್ತದೆಯೇ ನೋಡುವುದು. ತಿರುಗಿದರೆ ಕರೆಂಟ್ ಇದೆ, ದೋಷ ಗಂಟೆಯ ಕಡೆ. ತಿರುಗದಿದ್ದರೆ ಕರೆಂಟಿನ ಕಡೆ ನೋಡಬೇಕು’ ಎಂಬ ಉತ್ತರಕ್ಕೆ ಪೂರ್ಣ ಅಂಕ. ‘ಗಂಟೆ ಹಳೆಯದಾಗಿದೆ, ಹೊಸದು ತರಬೇಕು’ ಎಂಬುದು ನಿಜವೇ ಇದ್ದರೂ ಅಂಕವಿಲ್ಲ. ಅದು ತೀರ್ಮಾನ, ಪರೀಕ್ಷೆಯಲ್ಲ.

ಪ್ರಶಿಕ್ಷಣಾರ್ಥಿಗಳೊಂದಿಗೆ ಚರ್ಚೆ

ಪಾಠದ ನಂತರದ ಸಭೆಯಲ್ಲಿ ಎರಡು ಆಕ್ಷೇಪಗಳು ಬಂದವು. ಮೊದಲನೆಯದು: “ಮನೆಯಲ್ಲಿ ವೈಫೈಯೇ ಇಲ್ಲದ ಮಕ್ಕಳಿಗೆ ಉಳ್ಳವರ ಮನೆಯ ಬೆಕ್ಕಿನ ಪೆಟ್ಟಿಗೆ ಏಕೆ?” ಇದು ಹಗುರವಾದ ಆಕ್ಷೇಪವಲ್ಲ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ನನ್ನ ಸಮಾಧಾನ ಇಷ್ಟು: ಫೋನನ್ನೇ ವಸ್ತುವಾಗಿ ತೆಗೆದುಕೊಂಡಿದ್ದರೆ ಫೋನಿರುವ ಮಕ್ಕಳು ಉತ್ತರ ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಯಾರೂ ಕಾಣದ ಯಂತ್ರದ ಮುಂದೆ ಎಲ್ಲರೂ ಸಮಾನರು. ಅದಕ್ಕೆ ಹಚ್ಚಿದ ತರ್ಕ ಮಾತ್ರ ಎಲ್ಲರ ಮನೆಯ ನಲ್ಲಿಯಿಂದ ಬಂದದ್ದು. ವಸ್ತು ಅಪರಿಚಿತವಾಗಿರಬಹುದು, ಪೀಠಿಕೆ ಪರಿಚಿತವಾಗಿರಲೇಬೇಕು. ನಲ್ಲಿಯ ಪ್ರಶ್ನೆಯನ್ನು ಬಿಟ್ಟು ಈ ಪಾಠವನ್ನು ಮಾಡಬಾರದು.

ಎರಡನೆಯದು: “2.4ರ ಲಕೋಟೆ ವಿಫಲವಾದಾಗ ಉತ್ತರ ಹೇಳಿಬಿಟ್ಟಿದ್ದರೆ ಹದಿನೈದು ನಿಮಿಷ ಉಳಿಯುತ್ತಿತ್ತು.” ಸಮಯ ಉಳಿಯುತ್ತಿತ್ತು, ನಿಜ. ಆದರೆ ಮಕ್ಕಳು ತಮ್ಮ ಊಹೆಯನ್ನು ಸಾಕ್ಷ್ಯದ ಮುಂದೆ ಕೈಬಿಟ್ಟದ್ದು ಆ ಹದಿನೈದು ನಿಮಿಷಗಳಲ್ಲೇ. ಹೇಳಿಬಿಟ್ಟಿದ್ದರೆ ಅವರು ಕೈಬಿಡುತ್ತಿದ್ದುದು ಶಿಕ್ಷಕರ ಮಾತಿಗೆ.

ಈ ಪಾಠವನ್ನು ಬಳಸುವವರಿಗೆ ಮೂರು ಸೂಚನೆಗಳು. ಲಕೋಟೆ ತೆರೆಯುವ, ಬರೆಯುವ, ವಾದಿಸುವ ಪಾತ್ರಗಳನ್ನು ಗುಂಪಿನೊಳಗೆ ಸರದಿಯಂತೆ ಬದಲಿಸಿ. ಇಲ್ಲವಾದರೆ ಚುರುಕಾದ ಒಬ್ಬರೇ ಎಲ್ಲವನ್ನೂ ತೆರೆದುಬಿಡುತ್ತಾರೆ. ಸಿದ್ಧ ಪರಿಹಾರಗಳ ಪಟ್ಟಿಯನ್ನು ಕೊನೆಗೆ ಮಾತ್ರ ಕೊಡಿ. ಲಕೋಟೆಗಳನ್ನು ಮುಂದಿನ ವರ್ಷಕ್ಕೆ ಎತ್ತಿಡುವಾಗ ಕಾರಣವನ್ನು ಬದಲಿಸಿ, ಹೊಸ ಚೀಟಿಗಳನ್ನು ಹಾಕಿ. ಹಿರಿಯ ವಿದ್ಯಾರ್ಥಿಗಳಿಂದ ಉತ್ತರ ಕೇಳಿ ತಿಳಿದ ತರಗತಿಯಲ್ಲಿ ಈ ಪಾಠಕ್ಕೆ ಕೆಲಸವಿಲ್ಲ.